ಒದ್ದೆ ಗೋಣಿ

ಆ ಉಪಾಯ ಹೊಳೆದದ್ದು ಚುರುಕಿಗೆ. ಬೇರೆ ಯಾರಿಗೂ ಹೊಳೆಯುವ ಮಾತೇ ಇರಲಿಲ್ಲ. ಬೇರೆ ಯಾರೂ ಇಪ್ಪತ್ತೆರಡು ವರ್ಷ ಆ ಫುಟ್‌ಬಾಲ್ ಗ್ರೌಂಡನ್ನು ಗುಡಿಸಿರಲಿಲ್ಲ.

ಚುರುಕಿ ಅನ್ನುವುದು ಅತ್ತೆ ಇಟ್ಟ ಹೆಸರು. ಮದುವೆಯಾಗಿ ಬಂದ ಮೂರನೇ ದಿನ, ಸೊಸೆ ಪಾತ್ರೆ ತೊಳೆದ ವೇಗ ನೋಡಿ ಇಟ್ಟದ್ದು. ಗಂಡ ಹೋದ, ಹೆಸರು ಉಳಿಯಿತು. ಗ್ರೌಂಡಿನ ಮ್ಯಾನೇಜರೂ ಹಾಗೇ ಕರೆಯುತ್ತಿದ್ದ. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಇತ್ತೋ ಏನೋ, ಅವಳಿಗೆ ಓದಲು ಬರುತ್ತಿರಲಿಲ್ಲ.

ಚಪ್ಪಲಿ ಕಾರ್ಖಾನೆಯ ಊರು ಅದು. ರಬ್ಬರಿನ ಹಾಳೆಯಿಂದ ಚಪ್ಪಲಿ ಕತ್ತರಿಸಿ, ಬಾರು ತೂರಿಸಲು ಒಂದೊಂದಕ್ಕೆ ಮೂರು ತೂತು ಹೊಡೆಯುತ್ತಾರೆ. ತೂತಿನಿಂದ ಉದುರುವ ದುಂಡನೆಯ ಚೂರಿಗೆ ಅಲ್ಲಿ ಬಿಲ್ಲೆ ಅನ್ನುತ್ತಾರೆ. ಹೆಬ್ಬೆರಳ ಉಗುರಿನಷ್ಟು ಅಗಲ. ಯಾವ ಕೆಲಸಕ್ಕೂ ಬಾರದ್ದು. ಕಾರ್ಖಾನೆಯ ಹಿಂದೆ ಅದರ ಗುಡ್ಡವೇ ಬಿದ್ದಿದೆ. ಚುರುಕಿಯ ಅಣ್ಣ ಮೂವತ್ತು ವರ್ಷದಿಂದ ತೂತು ಹೊಡೆಯುವ ಯಂತ್ರದ ಮುಂದೆ ನಿಂತವನು. ಬಲಗೈಯ ತೋರುಬೆರಳಿನ ತುದಿ ಯಂತ್ರದ ಪಾಲಾಗಿದೆ.

ಆ ಜನಕ್ಕೆ ಇದ್ದದ್ದು ಒಂದೇ ಸುಖ, ಫುಟ್‌ಬಾಲ್. ಕ್ಲಬ್ಬು ಕಟ್ಟಿದ್ದು ಕಾರ್ಖಾನೆಯವರು. ಮಾಲೀಕರಲ್ಲ, ಆಳುಗಳು. ಬಿಸಿಲುಕಟ್ಟೆ ಕಟ್ಟಿದ್ದೂ ಅವರೇ. ರಜೆಯ ದಿನ ಜಲ್ಲಿ ಹೊತ್ತು, ಸಿಮೆಂಟು ಕಲಸಿ, ಕೂತು ಆಟ ನೋಡಲು ಮೂವತ್ತೆರಡು ಮೆಟ್ಟಿಲು ಎಬ್ಬಿಸಿದರು. ಚುರುಕಿಯ ಅಪ್ಪ ಸಿಮೆಂಟಿನ ಬಾಂಡ್ಲಿ ಹೊತ್ತೇ ಬೆನ್ನು ಕೆಡಿಸಿಕೊಂಡ. ಮೇಲೆ ಸೂರಿಲ್ಲ, ಅದಕ್ಕೇ ಬಿಸಿಲುಕಟ್ಟೆ. ಎದುರಿಗೆ ನೆರಳಿನ ಕಡೆ ಗಾಜಿನ ಕೋಣೆ, ಮೆತ್ತನೆಯ ಕುರ್ಚಿ. ಅಲ್ಲಿ ಕೂರುವವರೇ ಬೇರೆ.

ಎರಡು ವರ್ಷದ ಹಿಂದೆ ಕ್ಲಬ್ಬು ಕೈ ಬದಲಾಯಿತು. ಹೊಸ ಮಾಲೀಕ ಕಟ್ಟಡ ಕಟ್ಟಿ ಮಾರುವವನು. ಜೀವಮಾನದಲ್ಲಿ ಒಂದು ಚೆಂಡು ಒದ್ದಿದ್ದನೋ ಇಲ್ಲವೋ ದೇವರೇ ಬಲ್ಲ. ಗೇಟಿಗೆ ನೋಟೀಸು ಅಂಟಿಸಿದ. ಈ ವರ್ಷದ ಪಂದ್ಯಗಳು ಮುಗಿದ ಕೂಡಲೇ ಬಿಸಿಲುಕಟ್ಟೆಯನ್ನು ಕೆಡವಲಾಗುವುದು, ಆ ಜಾಗದಲ್ಲಿ ಗಾಜಿನ ಕೋಣೆಗಳು ಬರುವುವು, ಹಳೆಯ ಗಿರಾಕಿಗಳು ಸಹಕರಿಸಬೇಕು.

"ಗಿರಾಕಿನಾ?" ಅಂದ ಅಣ್ಣ. "ನಮ್ಮಪ್ಪ ಕಟ್ಟಿದ ಕಟ್ಟೆಗೆ ನಾನು ಗಿರಾಕಿನಾ?"

ಹಾಗೆಂದು ನೋಟೀಸಿನ ಮೇಲೆ ಉಗಿದ. ಆ ಉಗುಳನ್ನು ಒರೆಸಿದ್ದು ಚುರುಕಿ. ಅದೂ ಅವಳ ಕೆಲಸವೇ ತಾನೆ.

ಅರ್ಜಿ ಬರೆದರು, ಮಾಲೀಕ ನೋಡಲಿಲ್ಲ. ಗೇಟಿನ ಮುಂದೆ ಕೂತರು, ಮಾಲೀಕ ಹಿಂದಿನ ಗೇಟಿನಿಂದ ಬಂದ. ಕೊನೆಗೆ ಬಿಲ್ಲೆ ನೆನಪಾಯಿತು. ಮ್ಯಾಚ್ ಶುರುವಾಗಿ ಹತ್ತು ನಿಮಿಷಕ್ಕೆ ಕಟ್ಟೆಯ ಮೇಲಿನ ಜನ ಎದ್ದು ನಿಂತು ಜೇಬಿನಿಂದ, ಸೆರಗಿನಿಂದ, ಚೀಲದಿಂದ ಬಿಲ್ಲೆ ತೆಗೆದು ಬೊಗಸೆ ಬೊಗಸೆ ಗ್ರೌಂಡಿಗೆ ಎಸೆದರು. ನೀಲಿ, ಕೆಂಪು, ಹಳದಿ. ಗಾಳಿ ಇದ್ದ ದಿನ. ಅರ್ಧ ಗ್ರೌಂಡು ತುಂಬಿತು. ಬೂಟಿನಡಿ ಬಿಲ್ಲೆ ಸಿಕ್ಕರೆ ಆಟಗಾರ ಜಾರುತ್ತಾನೆ, ಮೂಳೆ ಮುರಿಯುತ್ತದೆ. ರೆಫ್ರಿ ಸೀಟಿ ಊದಿ ಆಟ ನಿಲ್ಲಿಸಿದ.

"ಎತ್ತಿ!" ಎಂದು ಕೂಗಿದ ಮ್ಯಾನೇಜರು.

ಗುಡಿಸುವವರು ನಾಲ್ವರು. ಚುರುಕಿ, ವಯಸ್ಸಾದ ದೊಡ್ಡಕ್ಕ, ಕುಳ್ಳಿ, ಮೊನ್ನೆ ಸೇರಿದ ಹೊಸಬಳು. ಹುಲ್ಲಿನಲ್ಲಿ ಪೊರಕೆ ಆಡುವುದಿಲ್ಲ. ಮಂಡಿಯೂರಿ ಒಂದೊಂದೇ ಬಿಲ್ಲೆ ಹೆಕ್ಕಬೇಕು. ಹೆಕ್ಕಿದರು. ಸೀರೆ ಮಂಡಿಯ ಹತ್ತಿರ ಹರಿಯಿತು, ಆಮೇಲೆ ಮಂಡಿ ಹರಿಯಿತು. ಮ್ಯಾನೇಜರು ಗೆರೆಯ ಆಚೆ ನಿಂತು "ಎತ್ತು, ಬೇಗ ಎತ್ತು, ಅಲ್ಲಿ ಎತ್ತು" ಎನ್ನುತ್ತಲೇ ಇದ್ದ.

"ಎತ್ತು ಎತ್ತು ಅಂತಾನಲ್ಲ, ನಾವೇನು ಹಸುವಿನ ಗಂಡಂದಿರಾ?" ಅಂದಳು ಕುಳ್ಳಿ. ನಗು ಬಂತು. ನಗಲು ಉಸಿರಿರಲಿಲ್ಲ.

ಇಪ್ಪತ್ತೇಳು ನಿಮಿಷಕ್ಕೆ ಗ್ರೌಂಡು ಚೊಕ್ಕಟವಾಯಿತು. ಆಟ ಮತ್ತೆ ಶುರುವಾದಾಗ ಕಟ್ಟೆಯ ಮೇಲಿನಿಂದ ಛೀ ಥೂ ಎಂದು ಕೂಗು ಬಂತು. ಮ್ಯಾನೇಜರಿಗೆ ಬೈಯುತ್ತಿದ್ದಾರೆ ಅಂದುಕೊಂಡಳು ಚುರುಕಿ.

ಅವಳ ಮನೆ ಬಿಸಿಲುಕಟ್ಟೆಯ ಹೊಟ್ಟೆಯೊಳಗೇ ಇತ್ತು. ಮೊದಲು ಗೋಲಿನ ಬಲೆ, ಬಾವುಟ ಇಡುತ್ತಿದ್ದ ಕೋಣೆ. ಸೂರು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು. ಬಾಗಿಲ ಹತ್ತಿರ ನೆಟ್ಟಗೆ ನಿಲ್ಲಬಹುದು, ಒಲೆಯ ಹತ್ತಿರ ಬಗ್ಗಬೇಕು, ಅತ್ತೆಯ ಮಂಚದ ಹತ್ತಿರ ತೆವಳಬೇಕು. ಸೊಂಟ ಮುರಿದುಕೊಂಡ ಅತ್ತೆ ಅಲ್ಲೇ ಮಲಗಿ, ತಲೆಯ ಮೇಲಿನ ಕಾಲುಗಳ ಸದ್ದಿನಿಂದಲೇ ಆಟ ನೋಡುತ್ತಿದ್ದಳು. ಧಡಧಡ ಅಂದರೆ ಗೋಲು. ಒಂದೇ ಸಲ ದೊಪ್ಪೆಂದರೆ ಗೋಲು ತಪ್ಪಿತು. ಗಾಜಿನ ಕೋಣೆಯವರಿಗಿಂತ ಅವಳಿಗೇ ಆಟ ಚೆನ್ನಾಗಿ ತಿಳಿಯುತ್ತಿತ್ತು.

ಮಾರನೇ ದಿನ ಬೆಳಿಗ್ಗೆ ಮಂಡಿಗೆ ಅರಿಸಿನ ಹಚ್ಚಿಕೊಳ್ಳುತ್ತ ಕೂತಿದ್ದಾಗ ಚುರುಕಿಯ ಕಣ್ಣು ಹೊಸ್ತಿಲ ಮೇಲೆ ಬಿತ್ತು. ಕಾಲೊರೆಸಲು ಹಾಕಿದ ಗೋಣಿ. ಅರ್ಧ ಒದ್ದೆ. ಅದರ ಮೇಲೆ ಐದಾರು ಬಿಲ್ಲೆ. ಕೊಡವಿದಳು, ಬೀಳಲಿಲ್ಲ. ಒದ್ದೆ ನಾರಿಗೆ ಅಂಟಿಕೊಂಡಿದ್ದವು. ಇನ್ನೂ ಜೋರಾಗಿ ಕೊಡವಿದಳು, ಉದುರಿದವು.

ಅವಳ ಮುಖ ಅರಳಿತು.

ಎರಡನೇ ಮ್ಯಾಚಿಗೆ ನಾಲ್ಕು ಗೋಣಿ ನೆನೆಸಿ, ಹಿಂಡಿ, ಸಿದ್ಧ ಇಟ್ಟಿದ್ದಳು. ಬಿಲ್ಲೆ ಬಿತ್ತು, ರೆಫ್ರಿ ಸೀಟಿ ಊದಿದ. ಇಬ್ಬಿಬ್ಬರು ಒಂದೊಂದು ಗೋಣಿಯ ತುದಿ ಹಿಡಿದು ಹುಲ್ಲಿನ ಮೇಲೆ ಎಳೆದುಕೊಂಡು ಓಡಿದರು. ಗೆರೆಯಾಚೆ ಕೊಡವಿ ಮತ್ತೆ ಓಡಿದರು. ಮಂಡಿಯೂರುವ ಮಾತೇ ಇಲ್ಲ. ಒಂಬತ್ತು ನಿಮಿಷ! ಮ್ಯಾನೇಜರು ಚಪ್ಪಾಳೆ ತಟ್ಟಿದ. ಗಾಜಿನ ಕೋಣೆಯಿಂದ ಮಾಲೀಕ ಕೈ ಎತ್ತಿ ಬೀಸಿದ. ಇಪ್ಪತ್ತೆರಡು ವರ್ಷದಲ್ಲಿ ಆ ಗಾಜಿನ ಹಿಂದಿನಿಂದ ಅವಳ ಕಡೆ ಒಂದು ಕೈ ಎದ್ದದ್ದು ಅದೇ ಮೊದಲು. ಚುರುಕಿಗೆ ಹೆಮ್ಮೆಯಾಯಿತು. ಸುಳ್ಳು ಯಾಕೆ ಹೇಳಬೇಕು, ತುಂಬಾ ಹೆಮ್ಮೆಯಾಯಿತು.

ಆಟ ಮುಗಿದ ಮೇಲೆ ಅಣ್ಣ ಬಂದ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ.

"ಆ ಗೋಣಿ ಉಪಾಯ ಯಾರದು?"

"ನಂದೇ ಅಣ್ಣ. ಹೇಗಿತ್ತು?"

ಅಣ್ಣ ಬಾಗಿಲ ಚೌಕಟ್ಟಿಗೆ ಹಣೆ ಚಚ್ಚಿಕೊಂಡ. "ಹಾಳಾಗ್ ಹೋದ್ಯಲ್ಲೇ. ನಮ್ಮನ್ನೂ ಹಾಳ್ ಮಾಡಿದ್ಯಲ್ಲೇ."

ಆಗ ಗೊತ್ತಾಯಿತು ಅವಳಿಗೆ. ಅರ್ಧ ಗಂಟೆಯೊಳಗೆ ಗ್ರೌಂಡು ಸ್ವಚ್ಛವಾಗದಿದ್ದರೆ ರೆಫ್ರಿ ಮ್ಯಾಚನ್ನೇ ನಿಲ್ಲಿಸಬೇಕು. ಒಂದು ಮ್ಯಾಚ್ ಹಾಗೆ ನಿಂತರೂ ಸಾಕು, ಫುಟ್‌ಬಾಲ್ ಸಂಘದವರು ಮಾಲೀಕನನ್ನೂ ಕಟ್ಟೆಯವರನ್ನೂ ಕರೆಸಿ ಕೇಳಲೇಬೇಕು. ಕೇಳುವ ತನಕ ಗ್ರೌಂಡಿನ ಒಂದು ಇಟ್ಟಿಗೆಯನ್ನೂ ಕೀಳುವಂತಿಲ್ಲ. ಹಾಗಂತ ಸಂಘದ ಪುಸ್ತಕದಲ್ಲೇ ಬರೆದಿದೆ. ಬಿಲ್ಲೆ ಎಸೆದದ್ದು ತಮಾಷೆಗಲ್ಲ, ಅದಕ್ಕೆ.

"ಮೊದಲನೇ ಸಲ ಮೂರೇ ಮೂರು ನಿಮಿಷ ಬಾಕಿ ಇತ್ತು," ಅಂದ ಅಣ್ಣ. "ಈ ಸಲ ಎರಡು ಪಟ್ಟು ಎಸೆದ್ವಿ. ಒಂಬತ್ತು ನಿಮಿಷಕ್ಕೆ ಬಳಿದು ಹಾಕಿಬಿಟ್ಟೆ. ಯಾರಿಗೆ ಒಳ್ಳೇದಾಗ್ಲಿ ಅಂತ ಓಡಿದ್ಯೆ ಹಾಗೆ?"

"ನನಗೆ ಯಾರಣ್ಣ ಹೇಳಿದ್ರು?"

"ಕೇಳ್ಬೇಕಿತ್ತು."

ಚುರುಕಿಗೆ ಮೈಯೆಲ್ಲ ಉರಿದುಹೋಯಿತು. ಸೀರೆ ಮೇಲೆತ್ತಿ ಮಂಡಿ ತೋರಿಸಿದಳು. ಗಾಯ ಇನ್ನೂ ಹಸಿಯಾಗಿತ್ತು.

"ಇದನ್ನ ನೋಡು. ನೀವು ಸಭೆ ಮಾಡಿದ್ರಿ, ಪುಸ್ತಕ ಓದಿದ್ರಿ, ಎಲ್ಲಾ ಲೆಕ್ಕ ಹಾಕಿದ್ರಿ. ಎಸೆದದ್ದನ್ನ ಯಾರು ಎತ್ತಬೇಕು ಅಂತ ಒಬ್ಬರಾದ್ರೂ ಯೋಚನೆ ಮಾಡಿದ್ರಾ? ನಿನ್ನ ತಂಗಿನೇ ಎತ್ತೋದು ಅಂತ ನಿನಗೂ ನೆನಪಾಗಲಿಲ್ವಾ ಅಣ್ಣ?"

ಅಣ್ಣ ತಲೆ ತಗ್ಗಿಸಿದ. ಹಾಗೇ ಹೊರಟುಹೋದ.

ಅವನೇನೋ ತಲೆ ತಗ್ಗಿಸಿದ, ಊರು ತಗ್ಗಿಸಲಿಲ್ಲ. ನಲ್ಲಿಯ ಹತ್ತಿರ ಹೆಂಗಸರು ಇವಳ ಕೊಡ ಪಕ್ಕಕ್ಕೆ ಸರಿಸಿದರು. ಒಬ್ಬಳು "ಮಾಲೀಕನ ಸೊಸೆ ಬಂದಳು, ದಾರಿ ಬಿಡಿ" ಅಂದಳು. ಬಾಗಿಲಿಗೆ ಯಾರೋ ಹರಿದ ಗೋಣಿ ಮೊಳೆ ಹೊಡೆದು ನೇತುಹಾಕಿದರು. ತನ್ನ ಕೈಯ ಚುರುಕಿನ ಮೇಲೇ ಅವಳಿಗೆ ಅಸಹ್ಯ ಹುಟ್ಟಿತು. ಕೆಲಸ ಚೆನ್ನಾಗಿ ಮಾಡುವುದೂ ಒಂದು ಪಾಪ ಆಗಬಹುದು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮ್ಯಾನೇಜರು ಕರೆಸಿದ. ಮೇಜಿನ ಮೇಲೆ ಹೊಸ ಗೋಣಿಗಳು. ಎರಡೆರಡು ಸೇರಿಸಿ ಹೊಲಿಸಿ, ತುದಿಗೆ ಹಗ್ಗ ಕಟ್ಟಿಸಿದ್ದ.

"ನಿನ್ನ ತಲೆ ಭಾರಿ ಓಡುತ್ತೆ ಕಣೇ. ಶನಿವಾರ ಕೊನೇ ಮ್ಯಾಚು. ಅದೊಂದು ಮುಗಿದರೆ ಮುಗೀತು. ಹೊಸ ಕಟ್ಟಡದಲ್ಲಿ ಗುಡಿಸೋರಿಗೆಲ್ಲ ನೀನೇ ಮೇಸ್ತ್ರಿ. ನಿನ್ನ ಅತ್ತೆಗೆ ಗೇಟಿನ ಹತ್ತಿರ ಒಂದು ಕೋಣೆ."

"ಮ್ಯಾಚು ನಿಂತುಹೋದ್ರೆ ಸಾರ್?"

"ನಿಂತುಹೋದ್ರೆ ಮುದುಕಿ ಮಂಚ ಬೀದೀಲಿರುತ್ತೆ," ಅಂದ ಮ್ಯಾನೇಜರು. ಕಾಗದದಿಂದ ಕಣ್ಣು ಕೂಡ ಎತ್ತಲಿಲ್ಲ.

ಗೋಣಿ ಹೊತ್ತು ಮನೆಗೆ ಬಂದು ಮಂಚದ ಹತ್ತಿರ ತೆವಳಿಕೊಂಡು ಹೋದಳು. ಅತ್ತೆಗೆ ಎಲ್ಲ ಗೊತ್ತಿತ್ತು. ಗೋಡೆಯ ಆಚೆ ಜನ ಮಾತಾಡಿಕೊಳ್ಳುವುದೆಲ್ಲ ಅವಳ ಕಿವಿಗೆ ಬೀಳುತ್ತಿತ್ತು.

"ಶನಿವಾರ ಎಳೀತೀಯಾ?"

"ಎಳೀದೇ ಏನ್ಮಾಡ್ಲಿ ಅತ್ತೆ? ನಿಮ್ಮನ್ನ ಎಲ್ಲಿಗೆ ಹೊತ್ಕೊಂಡ್ ಹೋಗ್ಲಿ?"

"ನನ್ನ ನೆಪ ಹೇಳ್ಬೇಡ," ಅಂದಳು ಅತ್ತೆ. "ಎಳೆದರೆ ನಿನಗೋಸ್ಕರ ಎಳಿ. ಬಿಟ್ಟರೆ ನಿನಗೋಸ್ಕರ ಬಿಡು. ನಾನು ಸತ್ತ ಮೇಲೆ, ಅತ್ತೆಗಾಗಿ ಹಾಗೆ ಮಾಡಿದೆ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಬೇಡ."

ಶನಿವಾರ ನಾಲ್ಕು ಗಂಟೆಗೆ ಮ್ಯಾಚ್ ಶುರುವಾಯಿತು. ಬಿಸಿಲುಕಟ್ಟೆಯಲ್ಲಿ ಸಾಸಿವೆ ಹಾಕಿದರೆ ಕೆಳಗೆ ಬೀಳದಷ್ಟು ಜನ. ಹಿಂದಿನ ಗೇಟಿನಾಚೆ ಕಟ್ಟಡ ಕೆಡವುವ ಯಂತ್ರ ಆಗಲೇ ಬಂದು ನಿಂತಿತ್ತು. ನಾಲ್ವರೂ ಬಕೆಟ್ಟು, ಗೋಣಿ ಹಿಡಿದು ಗೆರೆಯ ಪಕ್ಕ ನಿಂತರು. ಕಟ್ಟೆಯವರು ಇವರತ್ತ ನೋಡಲಿಲ್ಲ. ತಂತಿಬೇಲಿಯ ಹಿಂದೆ ಅಣ್ಣ ಮಾತ್ರ ನೋಡುತ್ತಿದ್ದ.

ಹತ್ತನೇ ನಿಮಿಷಕ್ಕೆ ಬಿಲ್ಲೆ ಬಿತ್ತು. ಕಾರ್ಖಾನೆಯ ಹಿಂದಿನ ಗುಡ್ಡವೇ ಬಂದು ಬಿದ್ದ ಹಾಗಿತ್ತು. ಸೀಟಿ. ರೆಫ್ರಿ ಗಡಿಯಾರ ನೋಡಿಕೊಂಡ.

"ಹೂಂ, ನಡೀರಿ," ಅಂದ ಮ್ಯಾನೇಜರು. "ಎಂಟು ನಿಮಿಷ."

ಚುರುಕಿ ಗೋಣಿ ಎಳೆದುಕೊಂಡು ಗ್ರೌಂಡಿನ ನಡುವಿನ ಸುಣ್ಣದ ವೃತ್ತದ ತನಕ ಹೋದಳು. ಮೊದಲೇ ತೀರ್ಮಾನ ಮಾಡಿದ್ದಳೇ? ಇಲ್ಲ. ಎಳೆಯುವುದೆಂದೇ ಹೊರಟಿದ್ದಳು. ನಡುವಿಗೆ ಬಂದಾಗ ಕಾಲು ಮುಂದಕ್ಕೆ ಹೋಗಲಿಲ್ಲ. ಗೋಣಿ ಹಾಸಿದಳು. ಅದರ ಮೇಲೆ ಕೂತಳು. ಆಮೇಲೆ ಮಲಗಿಬಿಟ್ಟಳು.

ಕಟ್ಟೆಯ ಮೇಲೆ ಯಾರೋ ನಕ್ಕರು. ಮ್ಯಾನೇಜರು ಓಡಿ ಬಂದ.

"ಏನಾಯ್ತೇ? ತಲೆ ಸುತ್ತಾ?"

"ಇಲ್ಲ ಸಾರ್."

"ಮತ್ತೆ ಏಳು. ಎತ್ತು."

"ಎತ್ತಲ್ಲ ಸಾರ್."

"ಏನಂದೆ?"

"ಇಷ್ಟು ವರ್ಷ ನೀವೆಲ್ಲ ಬಿಸಾಕಿದ್ದನ್ನ ನಾನು ಎತ್ತಿದೀನಿ. ನನ್ನನ್ನೂ ಬಿಸಾಕಿದೀರ. ಇವತ್ತು ನೀವೇ ಎತ್ತಿ."

ಅವನ ಮುಖ ಕಪ್ಪಿಟ್ಟಿತು. ಸೆಕ್ಯುರಿಟಿಯವರನ್ನು ಕೂಗಿದ. ಅವರೂ ನಾಲ್ವರೇ. ಕೈಗೊಬ್ಬ ಕಾಲಿಗೊಬ್ಬ ಹಿಡಿದು ಎತ್ತಿದರು. ಸೀರೆ ಸರಿಯಿತು. ಒಬ್ಬನ ಉಗುರು ತೊಡೆಗೆ ನಾಟಿತು. ಗೆರೆಯಾಚೆ ತಂದು ಧೊಪ್ಪನೆ ಬಿಟ್ಟರು. ಹಿಂತಿರುಗಿ ನೋಡಿದರೆ ಸುಣ್ಣದ ವೃತ್ತದಲ್ಲಿ ದೊಡ್ಡಕ್ಕ ಮಲಗಿದ್ದಳು. ಅವಳನ್ನು ಎತ್ತಲು ಓಡಿದರು. ಅಷ್ಟರಲ್ಲಿ ಕುಳ್ಳಿ ಗೋಲಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಅವಳನ್ನು ಎತ್ತಿದಾಗ "ಮೆತ್ತಗೆ ಕಣ್ರಪ್ಪಾ, ನನ್ನ ಗಂಡನೂ ಹೀಗೆ ಎತ್ತಿಲ್ಲ" ಅಂದಳು. ಹೊಸಬಳು ಅಳುತ್ತಲೇ ಮಲಗಿದಳು. ಮನೆಯಲ್ಲಿ ಅವಳ ಒಬ್ಬಳ ದುಡಿಮೆಯೇ ಒಲೆ ಉರಿಸುತ್ತಿತ್ತು. ಆದರೂ ಮಲಗಿದಳು.

ಚುರುಕಿ ಎದ್ದು ಮತ್ತೆ ನಡೆದು ಬಂದು ನಡುವಿನಲ್ಲಿ ಮಲಗಿದಳು.

ಬಿಸಿಲುಕಟ್ಟೆ ಈಗ ನಗುತ್ತಿರಲಿಲ್ಲ. ಸಾವಿರ ಜನ ಎದ್ದು ನಿಂತಿದ್ದರು. ಇಳಿದು ಬರುವಂತಿರಲಿಲ್ಲ. ಕಟ್ಟೆಯವರ ಒಂದು ಕಾಲು ಗ್ರೌಂಡಿಗೆ ಬಿದ್ದರೂ ತಪ್ಪೆಲ್ಲ ಅವರದೇ ಆಗುತ್ತಿತ್ತು. ನೋಡಬೇಕು, ಅಷ್ಟೇ. ನಲ್ಲಿಯ ಹತ್ತಿರ ಕೊಡ ಸರಿಸಿದ ಹೆಂಗಸರೂ ನೋಡುತ್ತಿದ್ದರು. ಅಣ್ಣ ಬೇಲಿಯ ತಂತಿ ಹಿಡಿದು ಜಗ್ಗುತ್ತಿದ್ದ. ಅವನ ಅಂಗೈ ಕುಯ್ದು ರಕ್ತ ಬರುತ್ತಿತ್ತು.

ಮ್ಯಾನೇಜರು ಕಚೇರಿಯ ಗುಮಾಸ್ತರನ್ನು ಇಳಿಸಿದ. ಬಿಳಿ ಷರಟಿನವರು ಗೋಣಿ ನೀರಿಗದ್ದಿ ಹಾಗೇ ಎಳೆದರು. ಬಿಲ್ಲೆ ಅಂಟಲಿಲ್ಲ, ಮುಂದಕ್ಕೆ ಉರುಳಿ ಹುಲ್ಲಿನೊಳಕ್ಕೆ ಹೂತುಹೋಯಿತು. ಹಿಂಡಿದ ಗೋಣಿಗೆ ಮಾತ್ರ ಅಂಟುತ್ತದೆ. ಅದೂ ಜಾಸ್ತಿ ಹಿಂಡಿದರೆ ಅಂಟುವುದಿಲ್ಲ.

"ಎಷ್ಟು ಹಿಂಡಬೇಕೇ ಇದನ್ನ?" ಎಂದು ಚೀರಿದ ಮ್ಯಾನೇಜರು.

"ಗೊತ್ತಿಲ್ಲ ಸಾರ್," ಅಂದಳು ಚುರುಕಿ, ಮಲಗಿದಲ್ಲಿಂದಲೇ.

ಅವನು ಅವಳ ಎಡಗೈ ಹಿಡಿದು ತಾನೇ ಎಳೆದ. ಭುಜದಲ್ಲಿ ಲಟಕ್ಕೆಂದಿತು. ಅವಳ ಬಾಯಿಂದ ಬಂದ ಕೂಗು ಎದುರಿನ ಗಾಜಿನ ಕೋಣೆಯ ತನಕ ಕೇಳಿಸಿತು. ಅಲ್ಲಿದ್ದವರು ಪರದೆ ಎಳೆದುಕೊಂಡರು. ಗೆರೆಯಾಚೆ ಬಿದ್ದವಳು ಒಂದೇ ಕೈ ಊರಿ ಎದ್ದಳು. ನಡೆಯಲಾಗಲಿಲ್ಲ. ಮಂಡಿಯ ಮೇಲೆ ತೆವಳಿಕೊಂಡು ಮತ್ತೆ ಗ್ರೌಂಡಿನೊಳಕ್ಕೆ ಬಂದಳು. ತೆವಳುವುದು ಅವಳಿಗೆ ಅಭ್ಯಾಸವಿತ್ತು. ನಾಲ್ವರು ಕಾವಲುಗಾರರಲ್ಲಿ ಒಬ್ಬ, ನರೆತ ಮೀಸೆಯವನು, "ಇನ್ನು ನನ್ನ ಕೈಲಾಗಲ್ಲ ಸಾರ್, ನಮ್ಮಕ್ಕನ ವಯಸ್ಸು ಆಕೇದು" ಎಂದು ಟೋಪಿ ತೆಗೆದು ನಿಂತುಬಿಟ್ಟ.

ರೆಫ್ರಿ ಗಡಿಯಾರ ನೋಡಿದ. ಗಾಜಿನ ಕೋಣೆಯತ್ತ ನೋಡಿದ. ಮತ್ತೆ ಗಡಿಯಾರ ನೋಡಿ ಮೂರು ಸಲ ಉದ್ದಕ್ಕೆ ಸೀಟಿ ಊದಿದ. ಮ್ಯಾಚ್ ನಿಂತಿತು.

ಕಟ್ಟೆಯ ಸದ್ದಿಗೆ ನೆಲ ನಡುಗಿತು. ಜನ ಕುಣಿದರು, ಅತ್ತರು, ಒಬ್ಬರನ್ನೊಬ್ಬರು ಹೊತ್ತರು. ಆಮೇಲೆ, ಮ್ಯಾಚ್ ಮುಗಿದ ಮೇಲೆ ಯಾವತ್ತೂ ಮಾಡುವ ಹಾಗೆ, ಹಾಡುತ್ತ ಬಾಗಿಲ ಕಡೆ ಹೊರಟರು. ಅಷ್ಟು ವರ್ಷದ ರೂಢಿ, ಕಾಲು ತಾನಾಗಿ ಮನೆಯ ಕಡೆ ತಿರುಗುತ್ತದೆ.

ಚುರುಕಿಗೆ ಹಿಂದಿನ ಗೇಟಿನಾಚೆ ಯಂತ್ರ ಗುರುಗುಟ್ಟಿದ್ದು ಕೇಳಿಸಿತು. ಓಡಿ ಬಂದ ಅಣ್ಣ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಗೆದ್ವಿ ಕಣೇ, ನನ್ನ ತಾಯೀ, ಗೆದ್ವಿ" ಎಂದು ಬಿಕ್ಕುತ್ತಿದ್ದ.

"ಕೆಡವಬೇಡಿ ಅಂತ ಸಂಘದ ಕಾಗದ ಯಾವಾಗ ಬರುತ್ತಣ್ಣ?"

"ಸೋಮವಾರ."

"ಇವತ್ತು ಶನಿವಾರ."

ಅಣ್ಣ ತಲೆಯೆತ್ತಿ ಯಂತ್ರದ ಕಡೆ ನೋಡಿದ. ಖಾಲಿ ಕಟ್ಟೆ ಕೆಡವಲು ಎರಡು ದಿನ ಬೇಡ, ಎರಡು ಗಂಟೆ ಸಾಕು. ಕೆಡವಿದ ಮೇಲೆ ಸಂಘದವರು ಏನು ಕೇಳಿ ಏನು ಉಪಯೋಗ?

"ನನ್ನ ಎಬ್ಬಿಸು," ಅಂದಳು.

ಎಡಗೈ ಜೋತಾಡುತ್ತಿತ್ತು. ಅಣ್ಣನ ಹೆಗಲು ಹಿಡಿದು ಕೋಣೆಗೆ ಹೋದಳು. ಅಣ್ಣನೂ ನರೆತ ಮೀಸೆಯವನೂ ಮಂಚವನ್ನು ಹೊರಗೆ ಎಳೆದು, ಅತ್ತೆಯ ಸಮೇತ ಎತ್ತಿ ಬಿಸಿಲುಕಟ್ಟೆಯ ಮೊದಲ ಮೆಟ್ಟಿಲ ಮೇಲೆ ಇಟ್ಟರು. ಬಹಳ ದಿನದ ಮೇಲೆ ಆಕಾಶ ಕಂಡ ಅತ್ತೆ ಕಣ್ಣು ಚಿಕ್ಕದು ಮಾಡಿಕೊಂಡು ಗ್ರೌಂಡು ನೋಡಿದಳು. "ಇಷ್ಟು ಚಿಕ್ಕದಾ?" ಅಂದಳು. ದೊಡ್ಡಕ್ಕ, ಕುಳ್ಳಿ, ಹೊಸಬಳು ಬಂದು ಪಕ್ಕದಲ್ಲಿ ನಿಂತರು. ಕೂರಲಿಲ್ಲ. ಆ ಮೂವತ್ತೆರಡು ಮೆಟ್ಟಿಲನ್ನು ಎಷ್ಟು ಸಾವಿರ ಸಲ ಗುಡಿಸಿದ್ದರೋ, ಒಂದು ದಿನವೂ ಅವುಗಳ ಮೇಲೆ ಕೂತಿರಲಿಲ್ಲ. ಆಟ ನಡೆಯುವಾಗ ಗುಡಿಸುವವರು ಕಣ್ಣಿಗೆ ಬೀಳಬಾರದು ಅಂತ ನಿಯಮ.

ಚುರುಕಿ ಕೂತಳು. ಸಿಮೆಂಟು ಬಿಸಿಯಾಗಿತ್ತು. ಅವಳು ಕೂತದ್ದು ನೋಡಿ ಮೂವರೂ ಕೂತರು.

ಬಾಗಿಲ ತನಕ ಹೋದ ಜನ ನಿಂತು ತಿರುಗಿ ನೋಡಿದರು. ಅಣ್ಣ ಕೂಗಿದ, ಯಂತ್ರದ ಕಡೆ ಕೈ ತೋರಿಸಿದ. ಹಾಡು ನಿಂತಿತು. ಮೊದಲು ನಲ್ಲಿಯ ಹೆಂಗಸರು ಹಿಂದೆ ಬಂದರು, ಕಣ್ಣು ತಪ್ಪಿಸಿಕೊಂಡೇ ಬಂದು ಚುರುಕಿಯ ಹಿಂದಿನ ಮೆಟ್ಟಿಲಲ್ಲಿ ಕೂತರು. ಒಬ್ಬಳು ತನ್ನ ಸೆರಗು ಹರಿದು ಅವಳ ಕೈಯನ್ನು ಕುತ್ತಿಗೆಗೆ ಕಟ್ಟಿದಳು. ಆಮೇಲೆ ಕಾರ್ಖಾನೆಯವರು ಬಂದರು. ಎಲ್ಲರೂ ಬರಲಿಲ್ಲ. ಅರ್ಧದಷ್ಟು ಜನ ಹೊರಟೇಹೋದರು. ಉಳಿದವರು ಕೂತರು.

ಮ್ಯಾನೇಜರು ಮೈಕು ಹಿಡಿದ. ಪ್ರತಿ ಮ್ಯಾಚ್ ಆದ ಮೇಲೆ ಕಟ್ಟೆ ಖಾಲಿ ಮಾಡಿಸಲು ಹೇಳುತ್ತಿದ್ದ ಮಾತೇ ಅವನ ಬಾಯಿಗೆ ಬಂತು.

"ಏಳ್ರಿ ಎಲ್ಲಾ, ಏಳ್ರಿ! ಗುಡಿಸೋರು ಕಾಯ್ತಾ ಇದಾರೆ!"

ಜನ ಚುರುಕಿಯ ಕಡೆ ನೋಡಿದರು. ಅವಳು ಕೊನೆಯ ಮೆಟ್ಟಿಲಿಗೂ ಕೇಳುವಂತೆ ಹೇಳಿದಳು.

"ಗುಡಿಸೋರು ಕೂತಿದೀವಿ ಸಾರ್."

ಯಂತ್ರ ಗೇಟು ದಾಟಿ ಒಳಗೆ ಬಂತು. ಯಾರೂ ಏಳಲಿಲ್ಲ.